ಅಖಾಡಕ್ಕೆ ಬೇಡ, ಪರದೆಗೆ ಬೇಕು

ಟೆಂಟ್ ಸಿನಿಮಾದಲ್ಲಿ ಮೂರು ಕ್ಲಾಸು ಇರುತ್ತಿದ್ದವು: ನೆಲ, ಬೆಂಚು, ಕುರ್ಚಿ. ನೆಲದ ಮೇಲೆ ಕೂತವರಿಗೆ ಎಂಥ ಪಿಕ್ಚರ್ ಇಷ್ಟ ಅಂತ ಕುರ್ಚಿಯವರು ಯಾವತ್ತೂ ಕೇಳಿದವರಲ್ಲ. ಕೇಳಿದ್ದರೆ ನಮ್ಮ ಜನ ನಾಚಿಕೆಯಿಲ್ಲದೆ ಹೇಳುತ್ತಿದ್ದರು: ಫೈಟಿಂಗ್ ಇರಬೇಕು. ಅದರಲ್ಲೂ ಹೆಂಗಸೊಬ್ಬಳು ಗಂಡಸನ್ನು ಎತ್ತಿ ಒಗೆದಾಗ ನೆಲದಿಂದ ಏಳುತ್ತಿದ್ದ ಶಿಳ್ಳೆ ನಮಗೆ ಇನ್ನೂ ಕೇಳಿಸುತ್ತದೆ. ಆ ಶಿಳ್ಳೆಯಲ್ಲಿ ಎರಡು ದನಿಗಳಿದ್ದವು. ಒಂದು ಹೆಣ್ಣಿನ ಮೈ ನೋಡುವ ಚಪಲದ್ದು. ಇನ್ನೊಂದು ದಿನವೆಲ್ಲ ಒದೆ ತಿಂದವರು ಯಾರೋ ತಿರುಗಿ ಒದ್ದದ್ದನ್ನು ಕಂಡ ಖುಷಿಯದು. ಈ ಎರಡು ದನಿಗಳನ್ನು ಬಿಡಿಸಿ ನೋಡದೆ ಹೆಣ್ಣು ಕುಸ್ತಿಯ ಅಗ್ಗದ ಸಿನಿಮಾಗಳ ಸೆಳೆತ ಅರ್ಥವಾಗುವುದಿಲ್ಲ.

ಕಮ್ಮಿ ಖರ್ಚಿನಲ್ಲಿ, ಕಮ್ಮಿ ದಿನಗಳಲ್ಲಿ, ಮೈ ಮತ್ತು ಹೊಡೆದಾಟವನ್ನೇ ಬಂಡವಾಳ ಮಾಡಿಕೊಂಡು ತೆಗೆದ ಇಂಥ ಚಿತ್ರಗಳಿಗೆ ಇಂಗ್ಲಿಷಿನಲ್ಲಿ 'ಎಕ್ಸ್‌ಪ್ಲಾಯ್ಟೇಶನ್ ಫಿಲ್ಮ್' ಅಂತಾರೆ. ಆ ಮಾತು ಅಲ್ಲಿ ಪ್ರಚಾರದ ವ್ಯಾಪಾರದಿಂದ ಬಂದದ್ದು. ಆದರೆ ನಮ್ಮ ಭಾಷೆಗೆ ತಂದರೆ ಅದು 'ಶೋಷಣೆಯ ಚಿತ್ರ' ಆಗುತ್ತದೆ. ಶೋಷಣೆ ಮಾಡುವವರು ತಮ್ಮ ಕಸುಬಿಗೆ ಇಷ್ಟು ನಿಜವಾದ ಹೆಸರಿಟ್ಟುಕೊಂಡದ್ದು ಚರಿತ್ರೆಯಲ್ಲಿ ಅಪರೂಪ.

ಈ ಚಿತ್ರಗಳ ಚರಿತ್ರೆ ಬಹಳ ಸ್ಪಷ್ಟವಾಗಿ ಕಾಣುವ ದೇಶ ಮೆಕ್ಸಿಕೊ. ಅಲ್ಲಿ 1933ರಲ್ಲಿ ಸಾಲ್ವದೋರ್ ಲುಟೆರೋತ್ ಎಂಬಾತ ಕುಸ್ತಿಯ ಕಂಪನಿಯೊಂದನ್ನು ಶುರುಮಾಡಿದ. 'ಲೂಚಾ ಲೀಬ್ರೆ' ಅಂದರೆ ಸ್ವತಂತ್ರ ಕುಸ್ತಿ. ಇದರಲ್ಲಿ ಎರಡು ಥರದ ಕುಸ್ತಿಯಾಳುಗಳು: ನಿಯಮ ಪಾಲಿಸಿ ಆಡುವವರು 'ತೆಕ್ನಿಕೊ'ಗಳು, ನಿಯಮ ಮುರಿದು ಮೋಸದಲ್ಲಿ ಗೆಲ್ಲುವವರು 'ರೂದೊ'ಗಳು. ಎಷ್ಟೋ ಜನ ಮುಖವಾಡ ಹಾಕಿಕೊಂಡು ಆಡುತ್ತಾರೆ. ಹಳ್ಳಿ ಬಿಟ್ಟು ಕೂಲಿಗೆ ಪಟ್ಟಣ ಸೇರಿದ ಬಡವರು, ಫ್ಯಾಕ್ಟರಿ ಕೆಲಸಗಾರರು, ಮಾರ್ಕೆಟ್ಟಿನ ಹೆಂಗಸರು ಇದರ ಜೀವಾಳ. ಅನ್ಯಾಯ ಮಾಡಿದವನು ಕಣ್ಣೆದುರೇ ಪೆಟ್ಟು ತಿನ್ನುವುದನ್ನು ಅವರು ಬೇರೆಲ್ಲಿ ನೋಡಬೇಕು? ಪೊಲೀಸ್ ಠಾಣೆಯಲ್ಲೋ, ಕೋರ್ಟಿನಲ್ಲೋ? 1956ರಲ್ಲಿ ಮೆಕ್ಸಿಕೊ ನಗರದಲ್ಲಿ 'ಅರೆನಾ ಮೆಹಿಕೊ' ಎಂಬ ದೊಡ್ಡ ಕುಸ್ತಿ ಭವನವೇ ಎದ್ದಿತು.

ಈ ಕುಸ್ತಿಗೆ ಹೆಣ್ಣುಮಕ್ಕಳೂ ಬಂದರು. ಅವರಿಗೆ 'ಲೂಚಾದೋರಾ' ಎಂಬ ಹೆಸರು ಬಿತ್ತು. ಇವರಲ್ಲಿ ಹೆಸರಾದವಳು ಇರ್ಮಾ ಗೊನ್ಸಾಲೆಸ್. ಹೆಣ್ಣು ಅಖಾಡಕ್ಕಿಳಿದ ಕೂಡಲೇ 'ಮರ್ಯಾದೆ'ಯ ಮಾತು ಎದ್ದಿತು. 1952ರಿಂದ 1966ರವರೆಗೆ ಮೆಕ್ಸಿಕೊ ನಗರವನ್ನು ಆಳಿದವನು ಎರ್ನೆಸ್ತೊ ಉರುಚುರ್ತು. ಆತ ಜನ ಆರಿಸಿದವನಲ್ಲ, ಅಧ್ಯಕ್ಷರು ನೇಮಿಸಿದ ಅಧಿಕಾರಿ. ನಗರವನ್ನು 'ಶುದ್ಧ' ಮಾಡುತ್ತೇನೆ ಅಂತ ಹೊರಟು ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿಸಿದ, ರಾತ್ರಿ ಮನರಂಜನೆಗಳ ಬಾಗಿಲು ಹಾಕಿಸಿದ. 1950ರ ದಶಕದಲ್ಲೇ ನಗರದಲ್ಲಿ ಹೆಣ್ಣುಮಕ್ಕಳ ಕುಸ್ತಿ ನಿಷೇಧವಾಯಿತು. ಈ ನಿಷೇಧ ಹೋದದ್ದು 1986ರಲ್ಲಿ. ಅಂದರೆ ಮೂವತ್ತು ವರ್ಷ, ಒಬ್ಬ ಕುಸ್ತಿಯಾಳಿನ ಇಡೀ ಆಯುಷ್ಯ.

'ಶುದ್ಧ' ಎಂಬ ಮಾತು ಕೇಳಿದಾಗ ನಮಗೆ ಕಿವಿ ನೆಟ್ಟಗಾಗುತ್ತದೆ. ಈ ಮಾತನ್ನು ಯಾರು, ಯಾರ ಮೇಲೆ, ಯಾವಾಗ ಬಳಸುತ್ತಾರೆ ಅನ್ನುವುದು ನಮಗೆ ಹೊಸ ಪಾಠ ಅಲ್ಲ. ಬಟ್ಟೆ ಒಗೆಯುವ, ಮೂಟೆ ಹೊರುವ, ಮನೆಗೆಲಸ ಮಾಡುವ ಹೆಣ್ಣಿನ ಮೈ ಯಾರ ಮರ್ಯಾದೆಯನ್ನೂ ಕೆಡಿಸಲಿಲ್ಲ. ಅದೇ ಮೈ ಜನರೆದುರು ನಿಂತು ತನ್ನ ಶಕ್ತಿ ತೋರಿಸಿ ಕೂಲಿ ಕೇಳಿದಾಗ ಮಾತ್ರ ಅಶ್ಲೀಲವಾಯಿತು.

ಲೂಚಾದೋರಾಗಳು ಮನೆ ಸೇರಲಿಲ್ಲ. ರಾಜಧಾನಿಯ ಬಾಗಿಲು ಮುಚ್ಚಿದಾಗ ದೂರದ ಪಟ್ಟಣಗಳ ಸಣ್ಣ ಅಖಾಡಗಳಿಗೆ ಹೋದರು. ದೊಡ್ಡ ಅಖಾಡದ ದುಡ್ಡೂ ಇಲ್ಲ, ಹೆಸರೂ ಇಲ್ಲ. ಇರ್ಮಾ ಗೊನ್ಸಾಲೆಸ್ ಕೆಲಕಾಲ ಮುಖವಾಡ ಹಾಕಿ 'ಸಾಂತೊನ ಮದುಮಗಳು' ಎಂಬ ಹೆಸರಿನಲ್ಲಿ ಆಡಿದಳು. ಸಾಂತೊ ಅಂದರೆ ಬೆಳ್ಳಿ ಮುಖವಾಡದ, ಆ ದೇಶದ ಬಹಳ ದೊಡ್ಡ ಗಂಡು ಕುಸ್ತಿಯಾಳು. ತನ್ನ ಸ್ವಂತ ಬಲದ ಹೆಣ್ಣೂ ಒಬ್ಬ ಗಂಡಿನ ಹೆಸರು ಹೊತ್ತು ಆಡಬೇಕಾಗಿ ಬಂದದ್ದನ್ನು ನಾವು ಗಮನಿಸಬೇಕು.

ಈಗ ಸಿನಿಮಾಕ್ಕೆ ಬರೋಣ. 1950ರ ದಶಕದ ನಡುವಿಗೆ ಕುಸ್ತಿಯನ್ನು ಅಲ್ಲಿನ ಟೆಲಿವಿಷನ್ನಿನಿಂದಲೂ ತೆಗೆದರು. ಜನರಿಗೆ ಕುಸ್ತಿ ಬೇಕು, ಟೀವಿಯಲ್ಲಿ ಇಲ್ಲ. ಈ ಹಸಿವನ್ನು ಮೊದಲು ಮೂಸಿದವರು ಸಿನಿಮಾ ವ್ಯಾಪಾರಿಗಳು. ಗಂಡು ಕುಸ್ತಿಯಾಳುಗಳ ಚಿತ್ರಗಳು 1952ರಿಂದಲೇ ಶುರುವಾಗಿದ್ದವು. 1963ರಲ್ಲಿ ರೆನೆ ಕಾರ್ದೋನಾ ಎಂಬ ನಿರ್ದೇಶಕ 'ಕುಸ್ತಿ ಹೆಂಗಸರು ಮತ್ತು ಕೊಲೆಗಡುಕ ಡಾಕ್ಟರ್' ಎಂಬರ್ಥದ ಹೆಸರಿನ ಚಿತ್ರ ತೆರೆಗೆ ತಂದ. ಮರುವರ್ಷ ಅದೇ ಹೆಂಗಸರು ಹಳೆಯ ಗೋರಿಯಿಂದ ಎದ್ದುಬಂದ ಒಣಹೆಣದ ಜೊತೆ ಹೋರಾಡುವ ಇನ್ನೊಂದು ಚಿತ್ರ ಬಂತು. ಹೀಗೆ 1960ರ ದಶಕದ ಕೊನೆಯವರೆಗೆ ಒಂದರ ಹಿಂದೊಂದು ಬಂದವು. ಅಮೆರಿಕದ ವ್ಯಾಪಾರಿಯೊಬ್ಬ ಮೊದಲೆರಡನ್ನು ಇಂಗ್ಲಿಷಿಗೆ ಡಬ್ ಮಾಡಿ ಮಾರಿಕೊಂಡ.

ಲೆಕ್ಕ ಹಾಕಿ ನೋಡಿ. ರಾಜಧಾನಿಯ ಅಖಾಡದಲ್ಲಿ ಹೆಣ್ಣು ಕುಸ್ತಿ ಅಪರಾಧ. ಅದೇ ರಾಜಧಾನಿಯ ಪರದೆಯ ಮೇಲೆ ಹೆಣ್ಣು ಕುಸ್ತಿ ಭರ್ಜರಿ ವ್ಯಾಪಾರ. ಪೋಸ್ಟರಿನಲ್ಲಿ ಮಿಂಚಿದವರು ಲೊರೆನಾ ವೆಲಾಸ್ಕೆಸ್ ಮತ್ತು ಅಮೆರಿಕದಿಂದ ಬಂದ ಎಲಿಜಬೆತ್ ಕ್ಯಾಂಪ್‌ಬೆಲ್. ಇಬ್ಬರೂ ಬಿಳಿಚರ್ಮದ ಚೆಲುವೆಯರು. ಹತ್ತಿರದ ಶಾಟಿನಲ್ಲಿ ಇವರ ಮುಖ, ದೂರದ ಶಾಟಿನಲ್ಲಿ ಪಟ್ಟು ಹಾಕುವ, ಎತ್ತಿ ಒಗೆಯುವ ಮೈ ನಿಜವಾದ ಕುಸ್ತಿಯವರದು. ಬೆವರು ಒಬ್ಬರದು, ಹೆಸರು ಇನ್ನೊಬ್ಬರದು. ಬೆಳೆದವನೊಬ್ಬ ಉಂಡವನೊಬ್ಬ ಅನ್ನುವ ಹಳೆಯ ಕತೆ ಇಲ್ಲೂ ತಪ್ಪಲಿಲ್ಲ. ನಮ್ಮಲ್ಲೂ 1935ರಲ್ಲಿ ಬೊಂಬಾಯಿಯ ವಾಡಿಯಾ ಕಂಪನಿ 'ಹಂಟರ್‌ವಾಲಿ' ತೆಗೆದಾಗ ಚಾವಟಿ ಹಿಡಿದವಳು ಆಸ್ಟ್ರೇಲಿಯದಲ್ಲಿ ಹುಟ್ಟಿದ, ನೀಲಿ ಕಣ್ಣಿನ ನಾಡಿಯಾ. ಹೊಡೆಯುವ ಹೆಣ್ಣನ್ನು ಒಪ್ಪಿಕೊಳ್ಳೋದಕ್ಕೂ ಈ ವ್ಯಾಪಾರಕ್ಕೆ ಬಿಳಿ ಬಣ್ಣ ಬೇಕು.

ಹಾಗಾದರೆ ಜನ ಯಾಕೆ ನೋಡಿದರು? ಬರೀ ಮೈ ನೋಡೋಕೆ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದು ಇತ್ತು, ಸುಳ್ಳು ಹೇಳಬಾರದು. ಆದರೆ ಆ ಮೊದಲ ಚಿತ್ರದ ಕತೆ ಕೇಳಿ. ಊರಿನ ಹೆಣ್ಣುಮಕ್ಕಳು ಒಬ್ಬೊಬ್ಬರೇ ಮಾಯವಾಗುತ್ತಾರೆ. ಮುಖವಾಡ ಹಾಕಿದ ಡಾಕ್ಟರನೊಬ್ಬ ಅವರನ್ನು ಹೊತ್ತೊಯ್ದು ಮಿದುಳು ಬದಲಿಸುವ ಪ್ರಯೋಗ ಮಾಡುತ್ತಿದ್ದಾನೆ. ಸಾಮಾನ್ಯ ಹೆಂಗಸರು ಬದುಕುತ್ತಿಲ್ಲ. ಓದಿದ ಹೆಣ್ಣನ್ನು ತರುತ್ತಾನೆ, ಅವಳೂ ಸಾಯುತ್ತಾಳೆ. ಗಟ್ಟಿ ಮೈಯವರೇ ಬೇಕು ಅಂತ ಕುಸ್ತಿ ಹೆಂಗಸರ ಮೇಲೆ ಕಣ್ಣು ಹಾಕುತ್ತಾನೆ. ಸತ್ತವಳ ಅಕ್ಕನೇ ಕುಸ್ತಿಯವಳು. ಆಕೆ ಗೆಳತಿಯ ಜೊತೆ ಸೇರಿ ಅವನ ಬೆನ್ನು ಹತ್ತುತ್ತಾಳೆ. ಕೊನೆಗೆ ಮುಖವಾಡ ಕಳಚಿದಾಗ ಒಳಗಿರುವವನು ಊರೆಲ್ಲ ಕೈಮುಗಿಯುತ್ತಿದ್ದ ಮರ್ಯಾದಸ್ಥ ವಿಜ್ಞಾನಿ.

ಕುರ್ಚಿಯಲ್ಲಿ ಕೂತವನಿಗೆ ಇದು ಹುಚ್ಚು ಕತೆ. ನೆಲದಲ್ಲಿ ಕೂತ ಕೂಲಿಯವಳಿಗೆ ಇದರಲ್ಲಿ ಯಾವುದು ಸುಳ್ಳು? ಬಡವರ ಹೆಣ್ಣುಮಕ್ಕಳು ಮಾಯವಾಗುವುದು ಸುಳ್ಳೇ? ಊರಿನ ದೊಡ್ಡ ಮನುಷ್ಯನೇ ಅದರ ಹಿಂದೆ ಇರುವುದು ಸುಳ್ಳೇ? ಗೊರಿಲ್ಲಾ ಮಿದುಳು, ರಟ್ಟಿನ ಗೋಡೆ, ಅಲುಗಾಡುವ ಸೆಟ್ಟು ಇವೆಲ್ಲ ಸುಳ್ಳು ಅಂತ ಆಕೆಗೆ ಗೊತ್ತು. ಭಯ ಮಾತ್ರ ನಿಜ, ಪೆಟ್ಟು ಮಾತ್ರ ನಿಜ. ದುಡ್ಡು ಸುರಿದು ತೆಗೆದ ದೊಡ್ಡ ಚಿತ್ರಗಳು ಹೆಣ್ಣಿಗೆ ಕಣ್ಣೀರು ಕೊಟ್ಟವು, ತ್ಯಾಗ ಕೊಟ್ಟವು. ಈ ಅಗ್ಗದ ಚಿತ್ರ ಆಕೆಗೆ ತೋಳು ಕೊಟ್ಟಿತು. ನಿರ್ಮಾಪಕ ಮಾರಿದ್ದು ಮೈ, ಆದರೆ ಎಷ್ಟೋ ಜನ ಕೊಂಡುಕೊಂಡದ್ದು ಧೈರ್ಯ. ಈ ಚಿತ್ರಗಳ ಸೆಳೆತದ ಗುಟ್ಟು ಇಲ್ಲಿದೆ ಅಂತ ನಾವು ತಿಳಿದಿದ್ದೇವೆ.

ಹಾಗಂತ ಇವನ್ನು ಬಂಡಾಯದ ಚಿತ್ರಗಳು ಅಂತ ತಲೆ ಮೇಲೆ ಹೊತ್ತುಕೊಳ್ಳುವುದೂ ಬೇಡ. ಎರಡನೆಯ ಚಿತ್ರದ ಖಳರು ಪೂರ್ವದೇಶದ ಜನ, ಕುತಂತ್ರಿಗಳು. ಎದ್ದುಬರುವ ಹೆಣ ಅಜ್ಟೆಕ್ ಜನರದು, ಅಂದರೆ ಆ ನೆಲದ ಮೂಲ ಜನರದು. ಯಾರ ನೆಲವನ್ನು ಸ್ಪೇನಿನವರು ಕಿತ್ತುಕೊಂಡರೋ ಅವರನ್ನೇ ದೆವ್ವ ಮಾಡಿ, ಬಿಳಿ ಚೆಲುವೆಯರ ಕೈಲಿ ಎದುರಿಸುವುದು. ಒಂದು ಶೋಷಣೆಯನ್ನು ಒದೆಯುವ ಕಾಲು ಇನ್ನೊಂದು ಶೋಷಿತನ ಎದೆಯ ಮೇಲೆ ನಿಂತಿರುತ್ತದೆ. ನೋಡುವಾಗ ಈ ಎಚ್ಚರ ಇರಬೇಕು.

ಇದು ಒಂದು ದೇಶದ ಹಣೆಬರಹ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ಹೆಣ್ಣು ಕುಸ್ತಿಗೆ 1972ರವರೆಗೆ ನಿಷೇಧವಿತ್ತು. ಎರಡು ವರ್ಷದ ನಂತರ, 1974ರಲ್ಲಿ, ಅಗ್ಗದ ಚಿತ್ರಗಳ ದೊಡ್ಡ ವ್ಯಾಪಾರಿ ರೋಜರ್ ಕಾರ್ಮನ್ನನ ಕಂಪನಿಯಿಂದ 'ದಿ ಅರೆನಾ' ಬಂತು. ಪುರಾತನ ರೋಮಿನ ಕತೆ. ಅಡುಗೆಮನೆಯಲ್ಲಿ ಗುಲಾಮ ಹೆಂಗಸರು ಜಗಳವಾಡುವುದನ್ನು ಕಂಡ ಯಜಮಾನನಿಗೆ ಇವರನ್ನೇ ಅಖಾಡಕ್ಕೆ ಇಳಿಸಿದರೆ ದುಡ್ಡು ಹುಟ್ಟುತ್ತದೆ ಅಂತ ಹೊಳೆಯುತ್ತದೆ. ಕೊನೆಗೆ ಕರಿಯ ನಟಿ ಪ್ಯಾಮ್ ಗ್ರಿಯರ್ ಮತ್ತು ಬಿಳಿಯ ನಟಿ ಮಾರ್ಗರೆಟ್ ಮಾರ್ಕೊವ್ ಮುಂದೆ ನಿಂತು ಗುಲಾಮರ ದಂಗೆ ಎಬ್ಬಿಸುತ್ತಾರೆ. ಯಜಮಾನನ ಆ ಯೋಚನೆಯೇ ಚಿತ್ರ ತೆಗೆದವನ ಯೋಚನೆ ಕೂಡ. ಆದರೂ ದಂಗೆ ಪರದೆಯ ಮೇಲೆ ಬಂತು. ಕೀಳು ಅನ್ನಿಸಿಕೊಂಡ ಇಬ್ಬರನ್ನು ಪರಸ್ಪರ ಹೊಡೆದಾಡಲು ಬಿಟ್ಟು ಮೇಲೆ ಕೂತು ನೋಡುವವನು ಯಾರು ಅನ್ನುವುದು ನಮ್ಮ ಕೇರಿಗಳಿಗೆ ವಿವರಿಸಬೇಕಾದ ವಿಷಯ ಅಲ್ಲ.

ರೋಮಿನಲ್ಲಿ ಇಂಥ ಹೆಂಗಸರು ನಿಜಕ್ಕೂ ಇದ್ದರು. ಕ್ರಿ.ಶ. 200ರ ಸುಮಾರಿಗೆ ಸೆಪ್ಟಿಮಿಯಸ್ ಸೆವೆರಸ್ ಎಂಬ ಚಕ್ರವರ್ತಿ ಅವರ ಕಾಳಗವನ್ನು ನಿಷೇಧಿಸಿದ. ಆ ಕಾಲದ ಚರಿತ್ರೆಕಾರ ಕ್ಯಾಸಿಯಸ್ ಡಿಯೊ ಕಾರಣ ಬರೆದಿಟ್ಟಿದ್ದಾನೆ: ಇವರು ಕಾದಾಡುವುದನ್ನು ನೋಡಿ ಜನ ದೊಡ್ಡ ಮನೆತನದ ಹೆಂಗಸರ ಬಗ್ಗೆಯೂ ತಮಾಷೆ ಮಾಡತೊಡಗಿದರಂತೆ. ಅಖಾಡದಲ್ಲಿ ಬಿದ್ದ ರಕ್ತ ಯಾರನ್ನೂ ಕಲಕಲಿಲ್ಲ, ಅರಮನೆಯ ಮರ್ಯಾದೆ ಕಲಕಿತು. ಉರುಚುರ್ತುವಿಗೂ ಸೆವೆರಸ್ಸನಿಗೂ ನಡುವೆ ಸಾವಿರದೇಳುನೂರು ವರ್ಷ ಇದ್ದರೂ ಇಬ್ಬರ ಬಾಯಲ್ಲಿ ಒಂದೇ ಮಾತು.

ನಮ್ಮ ನೆಲಕ್ಕೆ ಬರೋಣ. ಹೆಣ್ಣು ಗರಡಿಯ ಹೊಸ್ತಿಲು ದಾಟಬಾರದು ಅನ್ನುತ್ತಿದ್ದ ಕಾಲದಲ್ಲಿ ಉತ್ತರಪ್ರದೇಶದಿಂದ ಬಂದ ಹಮೀದಾ ಬಾನು ಗಂಡಸರನ್ನೇ ಕುಸ್ತಿಗೆ ಕರೆದಳು. 1954ರಲ್ಲಿ ಬರೋಡಾದಲ್ಲಿ ಬಾಬಾ ಪಹಲ್ವಾನ್ ಎಂಬಾತನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದಳು. ಬೊಂಬಾಯಿ ರಾಜ್ಯದಲ್ಲಿ ಆಕೆಯ ಕುಸ್ತಿಗೆ ತಡೆ ಬಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಆಗ ಅದೇ ರಾಜ್ಯದಲ್ಲಿದ್ದವು. ಆಕೆ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರು ಕೊಟ್ಟಳು. ಹೆಣ್ಣು ಅನ್ನುವ ಕಾರಣಕ್ಕೆ ತಡೆದದ್ದಲ್ಲ, ಕುಸ್ತಿ ಏರ್ಪಡಿಸುವವರು ಡಮ್ಮಿ ಪೈಲ್ವಾನರನ್ನು ಇಳಿಸುತ್ತಿದ್ದಾರೆ ಅಂತ ದೂರುಗಳಿವೆ, ಅನ್ನುವುದು ಉತ್ತರ. ಹೆಣ್ಣು ಗೆದ್ದರೆ ಗೆಲುವೇ ಸುಳ್ಳು!

ಅದೆಲ್ಲ ಹಳೆಯ ಕಾಲ ಅನ್ನುವವರಿಗೆ 2023ನ್ನು ನೆನಪು ಮಾಡುತ್ತೇವೆ. 2016ರಲ್ಲಿ ಬಂದ 'ದಂಗಲ್' ಅಗ್ಗದ ಚಿತ್ರವಲ್ಲ, ಮೈ ಮಾರಿದ ಚಿತ್ರವೂ ಅಲ್ಲ. ಹರಿಯಾಣದ ಫೋಗಟ್ ಮನೆಯ ಹೆಣ್ಣುಮಕ್ಕಳ ಕುಸ್ತಿಯ ಕತೆಗೆ ದೇಶವೇ ಚಪ್ಪಾಳೆ ತಟ್ಟಿತು. ಏಳು ವರ್ಷದ ನಂತರ ಅದೇ ಮನೆಯ ಸಂಗೀತಾ, ಅವಳ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳ ಪೈಕಿ ವಿನೇಶ್, ಜೊತೆಗೆ ಸಾಕ್ಷಿ ಮಲಿಕ್ ಇವರೆಲ್ಲ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಕುಸ್ತಿ ಫೆಡರೇಷನ್ನಿನ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ದೂರು ಅವರದು. ಮೇ 28ರಂದು, ಹೊಸ ಸಂಸತ್ ಭವನ ಉದ್ಘಾಟನೆಯಾಗುತ್ತಿದ್ದ ಹೊತ್ತಿನಲ್ಲೇ, ಪೊಲೀಸರು ಅವರನ್ನು ರಸ್ತೆಯ ಮೇಲೆ ಎಳೆದಾಡಿ ಬಸ್ಸಿಗೆ ತುಂಬಿದರು. ಪರದೆಯ ಮೇಲಿನ ನೆರಳಿಗೆ ಚಪ್ಪಾಳೆ, ರಸ್ತೆಯ ಮೇಲಿನ ಮೈಗೆ ಬೂಟು. ಇವರು ಜಾಟರು, ಅಲ್ಲಿನ ಬಲಾಢ್ಯ ಜಾತಿ. ಪದಕ ಗೆದ್ದ ಬಲಾಢ್ಯ ಜಾತಿಯ ಹೆಣ್ಣಿಗೇ ಈ ಗತಿಯಾದರೆ, ಪದಕವೂ ಇಲ್ಲದ, ಜಾತಿಯ ಬೆಂಬಲವೂ ಇಲ್ಲದ ನಮ್ಮ ಹಟ್ಟಿಯ ಹುಡುಗಿ ದೂರು ಕೊಡಲು ಯಾವ ಬಾಗಿಲಿಗೆ ಹೋಗಬೇಕು?

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಮಾತು. ಇಂಥ ಪಿಕ್ಚರ್ ನೋಡಬೇಡಿ ಅಂತ ಮಕ್ಕಳಿಗೆ ಉಪದೇಶ ಮಾಡುವುದು ಉರುಚುರ್ತುವಿನ ದಾರಿ. ನೋಡಲಿ. ನೋಡಿದ ಮೇಲೆ ಮೂರು ಪ್ರಶ್ನೆ ಕೇಳಿ: ಹೊಡೆದದ್ದು ಯಾರು? ದುಡ್ಡು ಹೋದದ್ದು ಯಾರಿಗೆ? ಹೆಸರು ಉಳಿದದ್ದು ಯಾರದು? ಜೊತೆಗೆ ನಿಮ್ಮ ಶಾಲೆಯ ಆಟದ ಬಯಲಿನಲ್ಲಿ ಹುಡುಗಿಯರಿಗೆ ಎಷ್ಟು ಜಾಗ ಇದೆ ಅನ್ನುವುದನ್ನೂ ಒಮ್ಮೆ ಅಳೆದು ನೋಡಿ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಕಲ್ಲಿದೆ. ಈಗಿನ ಟರ್ಕಿಯ ಹಳೆಯ ಹಾಲಿಕಾರ್ನಾಸಸ್ ಪಟ್ಟಣದಿಂದ ಹೋದದ್ದು. ಕತ್ತಿ ಗುರಾಣಿ ಹಿಡಿದ ಇಬ್ಬರು ಹೆಂಗಸರು ಎದುರುಬದುರು ನಿಂತಿದ್ದಾರೆ. ಕೆಳಗೆ ಅವರ ಹೆಸರು ಕೆತ್ತಿದೆ: ಅಮೆಜಾನ್, ಅಖಿಲ್ಲಿಯಾ. ಮೇಲೆ ಇಬ್ಬರನ್ನೂ ಬಿಡಲಾಯಿತು ಎಂಬರ್ಥದ ಒಂದೇ ಮಾತು. ಇಬ್ಬರೂ ಸೋಲಲಿಲ್ಲ, ಇಬ್ಬರೂ ಸಾಯಲಿಲ್ಲ. ಆಡುವ ಹೆಸರೇ ಇರಲಿ, ಹೆಸರು ಉಳಿಯಿತು. ಕಾರ್ದೋನಾನ ಚಿತ್ರಗಳಲ್ಲಿ ದೂರದ ಶಾಟಿನಲ್ಲಿ ಬಿದ್ದೆದ್ದ ಹೆಂಗಸರನ್ನು ಪೋಸ್ಟರು ಅಷ್ಟೂ ನೆನೆಯಲಿಲ್ಲ. ಅವರ ಬೆವರಿನ ಲೆಕ್ಕ ಬರೆಯುವುದು ಈಗ ನಮ್ಮ ಕೆಲಸ.