ಗಡ್ಡೆ ತೆಗೆದು ಗರ್ಭಕೋಶ ಉಳಿಸಿದ ಕಥೆ

ವಿಶಾಖಪಟ್ಟಣದ ಒಳಕ್ಕೆ ಹೋಗದ ರೈಲುಗಳು ದುವ್ವಾಡದಲ್ಲೇ ನಿಂತು ಮುಂದೆ ಸಾಗುತ್ತವೆ. ಇಲ್ಲಿಂದ ವಿಜಯವಾಡದವರೆಗಿನ ಊರುಗಳಲ್ಲಿ ‘ಗರ್ಭಸಂಚಿ ತೀಸೇಶಾರು’ (ಗರ್ಭಕೋಶ ತೆಗೆದುಬಿಟ್ಟರು) ಎಂಬ ಮಾತು ಹಲ್ಲು ಕೀಳಿಸಿಕೊಂಡಷ್ಟೇ ಸಲೀಸಾಗಿ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49ರೊಳಗಿನ ಮಹಿಳೆಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇ. 3ರಷ್ಟು; ಆಂಧ್ರದಲ್ಲಿ ಶೇ. 9ರ ಹತ್ತಿರ. ಕಾರಣ ಕೇಳಿದರೆ ಹೆಚ್ಚಿನವರು ಹೇಳುವುದು ಅತಿಯಾದ ಮುಟ್ಟಿನ ಸ್ರಾವ, ನೋವು, ಆಮೇಲೆ ಗಡ್ಡೆ, ಅಂದರೆ ಫೈಬ್ರಾಯ್ಡ್.

ಆದರೆ ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶ ಉಳಿಸುವ ವಿದ್ಯೆ ಹೊಸದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಟ್ಲೀ ಸಹೋದರರು 1844ರಲ್ಲೇ ಅದನ್ನು ಮಾಡಿದ್ದರು. ಅದಕ್ಕೊಂದು ಶಾಸ್ತ್ರದ ರೂಪ ಕೊಟ್ಟವರು ಲಂಡನ್ನಿನ ವಿಕ್ಟರ್ ಬಾನಿ. ಫೈಬ್ರಾಯ್ಡ್‌ನಿಂದಾಗಿ ಅವರ ಹೆಂಡತಿಯೇ ಗರ್ಭಕೋಶ ಕಳೆದುಕೊಂಡಿದ್ದರು, ಮಕ್ಕಳಾಗಲಿಲ್ಲ. ಆ ನೋವೇ ಅವರನ್ನು ಈ ದಾರಿಗೆ ತಂದಿತೆನ್ನುತ್ತಾರೆ. ಒಬ್ಬಳೇ ರೋಗಿಯ ಗರ್ಭಕೋಶದಿಂದ 225 ಗಡ್ಡೆಗಳನ್ನು ಬಿಡಿಸಿ ತೆಗೆದ ಅವರ ತಾಳ್ಮೆ ಇಂದಿಗೂ ಬೆರಗಿನ ಸಂಗತಿ.

ಗಡ್ಡೆ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ಮಗು ಬೇಕೆನ್ನುವವಳಿಗೆ ಮೊದಲು ಬೇಕಾದದ್ದು ಅದು ಎಲ್ಲಿದೆ ಎಂಬುದು. ಗರ್ಭಕೋಶದ ಒಳಪದರಕ್ಕೆ ಚಾಚಿದ ಪುಟ್ಟ ಗಡ್ಡೆಯೂ ಭ್ರೂಣ ಕಚ್ಚಿಕೊಳ್ಳಲು ಅಡ್ಡಿ. ಹೊರಮೈಯಲ್ಲಿ ಜೋತುಬಿದ್ದದ್ದು ನಿಂಬೆಗಾತ್ರವಿದ್ದರೂ ಬಸುರಿಗೆ ಸಾಮಾನ್ಯವಾಗಿ ತೊಡಕಲ್ಲ. ಗೋಡೆಯ ನಡುವೆ ಹುದುಗಿದವುಗಳ ಬಗ್ಗೆ ವೈದ್ಯರ ಜಗಳ ಇನ್ನೂ ಮುಗಿದಿಲ್ಲ. 2011ರಲ್ಲಿ ಬಂದ ಅಂತರರಾಷ್ಟ್ರೀಯ ವರ್ಗೀಕರಣ 0ರಿಂದ 8ರವರೆಗೆ ಅಂಕೆ ಕೊಟ್ಟದ್ದು ಈ ಜಾಗದ ಲೆಕ್ಕಕ್ಕೇ. ಒಳಪದರದ ಗಡ್ಡೆಯನ್ನು ಈಗ ಹೊಟ್ಟೆ ಕೊಯ್ಯದೆ, ಗರ್ಭಕೋಶದ ಬಾಯಿಯಿಂದಲೇ ಕೊಳವೆ ತೂರಿಸಿ ಕೆರೆದು ತೆಗೆಯುತ್ತಾರೆ. 1995ರಲ್ಲಿ ಪ್ಯಾರಿಸ್‌ನ ವೈದ್ಯರು ಗಡ್ಡೆಗೆ ಹೋಗುವ ರಕ್ತವನ್ನೇ ತಡೆದು ಅದನ್ನು ಕುಗ್ಗಿಸಿ ತೋರಿಸಿದರು. ಮುಂದೆ ಮಗು ಬೇಕೆನ್ನುವವರಿಗೆ ಮಾತ್ರ ಅದು ಮೊದಲ ಆಯ್ಕೆಯಲ್ಲ.

ಎಂಡೊಮೆಟ್ರಿಯೋಸಿಸ್‌ನದು ಇದಕ್ಕೆ ತದ್ವಿರುದ್ಧ ಕಥೆ: ಫೈಬ್ರಾಯ್ಡ್‌ಗೆ ಕತ್ತಿ ಬೇಗ ಬಂತು, ಇದಕ್ಕೆ ಹೆಸರೇ ತಡವಾಗಿ ಬಂತು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅಂಡಾಶಯದ ಮೇಲೆ, ಕರುಳ ಬಳಿ ಬೆಳೆದು ತಿಂಗಳು ತಿಂಗಳೂ ಒಳಗೊಳಗೇ ರಕ್ತ ಸುರಿಸುತ್ತದೆ. 1921ರಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್, ಹಳೆಯ ರಕ್ತ ತುಂಬಿದ ಅಂಡಾಶಯದ ಚೀಲಗಳನ್ನು ವಿವರಿಸಿದರು. ನಮ್ಮ ಸ್ಕ್ಯಾನಿಂಗ್ ವರದಿಗಳ ‘ಚಾಕೊಲೇಟ್ ಸಿಸ್ಟ್’ ಅದೇ. ಮುಟ್ಟಿನ ರಕ್ತ ಅಂಡನಾಳದ ಮೂಲಕ ಹಿಮ್ಮುಖವಾಗಿ ಹರಿದು ಈ ಬೀಜ ಬಿತ್ತುತ್ತದೆ ಎಂದು 1927ರಲ್ಲಿ ವಾದಿಸಿದರು. ವಾದ ಚೆನ್ನಾಗಿದೆ. ಆದರೆ ಹೆಚ್ಚುಕಡಿಮೆ ಎಲ್ಲ ಹೆಂಗಸರಲ್ಲೂ ರಕ್ತ ಹಾಗೆ ಹಿಂದಕ್ಕೆ ಹರಿಯುತ್ತದೆ. ಕಾಯಿಲೆ ಬರುವುದು ಹತ್ತರಲ್ಲಿ ಒಬ್ಬರಿಗೆ. ಉಳಿದ ಒಂಬತ್ತು ಜನ ಹೇಗೆ ಪಾರಾಗುತ್ತಾರೆ ಎಂಬ ಒಗಟು ಇನ್ನೂ ಪೂರ್ತಿ ಬಿಡಿಸಲಾಗಿಲ್ಲ.

ಔಷಧಗಳ ಚರಿತ್ರೆ ಅಷ್ಟೇನೂ ಹಿತವಲ್ಲ. 1970ರ ದಶಕದ ಡ್ಯಾನಜೋಲ್ ನೋವು ತಗ್ಗಿಸಿತು, ಜೊತೆಗೆ ಮೀಸೆಯನ್ನೂ ಗಡಸು ದನಿಯನ್ನೂ ಕೊಟ್ಟಿತು. ಆಮೇಲಿನ ಇಂಜೆಕ್ಷನ್‌ಗಳು ತಾತ್ಕಾಲಿಕವಾಗಿ ಮುಟ್ಟನ್ನೇ ನಿಲ್ಲಿಸಿದವು. ಇವೆಲ್ಲ ಅಂಡೋತ್ಪತ್ತಿಯನ್ನು ತಡೆಯುತ್ತವೆ. ಹಾಗಾಗಿ ನೋವಿಗೆ ಮದ್ದಾದರೂ ಬಸುರಿಗೆ ಮದ್ದಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಮಗುವಿಗಾಗಿ ಕಾಯುವವಳ ತಿಂಗಳುಗಳು ವ್ಯರ್ಥವಾಗುತ್ತವೆ. ಸೌಮ್ಯ ಹಂತದ ಕಾಯಿಲೆಯಲ್ಲಿ ಲ್ಯಾಪ್ರೊಸ್ಕೋಪಿಯಿಂದ ಆ ಅಂಗಾಂಶದ ಚುಕ್ಕೆಗಳನ್ನು ನಾಶಪಡಿಸಿದರೆ ಗರ್ಭಧಾರಣೆಯ ಸಾಧ್ಯತೆ ಹೆಚ್ಚುತ್ತದೆಂದು 1997ರಲ್ಲಿ ಕೆನಡಾದ ಪ್ರಯೋಗವೊಂದು ತೋರಿಸಿತು. ಚಾಕೊಲೇಟ್ ಸಿಸ್ಟ್ ವಿಷಯದಲ್ಲಿ ಮಾತ್ರ ಹುಷಾರು: ಪದೇ ಪದೇ ಕೆರೆದರೆ ಅಂಡಾಣುಗಳ ಸಂಗ್ರಹವೇ ತಗ್ಗುತ್ತದೆ. ಅದಕ್ಕೇ ಈಗ ಅನೇಕರು ನೇರವಾಗಿ ಐವಿಎಫ್ ಕಡೆ ಹೊರಳುತ್ತಾರೆ.

ಎಂಡೊಮೆಟ್ರಿಯೋಸಿಸ್ ಕುರಿತ 2022ರ ಯುರೋಪಿನ ಮಾರ್ಗಸೂಚಿ ಒಂದು ಹಳೆಯ ಪಟ್ಟನ್ನು ಸಡಿಲಿಸಿತು: ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದ ಮೇಲೆಯೇ ಚಿಕಿತ್ಸೆ ಎಂಬ ಕಟ್ಟುನಿಟ್ಟು ಈಗಿಲ್ಲ. ಆದರೆ ಆ ಸಡಿಲಿಕೆ ಫಲಿಸಬೇಕಾದರೆ ಹುಡುಗಿ ಮೊದಲು ನೋವಿದೆ ಎಂದು ಹೇಳಬೇಕು, ಮನೆಯವರು ನಂಬಬೇಕು. ‘ಮದುವೆಯಾದರೆ ಸರಿಹೋಗುತ್ತೆ’ ಎಂಬ ಮಾತಿನಲ್ಲೇ ಎಷ್ಟೋ ವರ್ಷ ಕಳೆಯುತ್ತವೆ. ವಿಶಾಖಪಟ್ಟಣದ ಹಳೆಯ ಪೇಟೆಯಲ್ಲಿರುವ ವಿಕ್ಟೋರಿಯಾ ಹೆಂಗಸರ ಆಸ್ಪತ್ರೆಯನ್ನು ಜನ ಈಗಲೂ ಘೋಷಾ ಆಸ್ಪತ್ರೆ ಎನ್ನುತ್ತಾರೆ. ಘೋಷಾ ಎಂದರೆ ಪರದೆ; ಈ ನೋವೂ ಹಾಗೇ ಪರದೆಯ ಹಿಂದೆ ಉಳಿದುಬಿಡುತ್ತದೆ.

ಇತ್ತ ನಮ್ಮ ಕಲಬುರಗಿಯ ತಾಂಡಾಗಳಲ್ಲೂ ಲಂಬಾಣಿ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ಕಳೆದುಕೊಂಡದ್ದು ಹೋರಾಟವಾಗಿ, ಸರ್ಕಾರಿ ತನಿಖೆಯವರೆಗೂ ಹೋಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು. ಈ ಆದೇಶಕ್ಕೆ ಕಾರಣವಾದ ಅರ್ಜಿ ಕೋರ್ಟಿನ ಮೆಟ್ಟಿಲೇರಿದ್ದು 2013ರಲ್ಲಿ.