ಮಸೂರವು ಕಂಡ ಶಿಲೆ, ಕಾಣದ ಶಿಲೆ

ಕರ್ನಾಟಕದ ಮಧ್ಯಕಾಲೀನ ವಾಸ್ತುವಿನ ಅಧ್ಯಯನಕ್ಕೆ ಛಾಯಾಚಿತ್ರವು ಆಧಾರವಾದುದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಮುಂಬಯಿ ಸರಕಾರವು 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಈ ಕಾರ್ಯಕ್ಕೆ ನಿಯೋಜಿಸಿತು. ಆತನು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರಗಳನ್ನು ತೆಗೆದನು. ಆತನು ಸೇನೆಗೆ ಮರಳಿದ ಬಳಿಕ ವೈದ್ಯನಾದ ವಿಲಿಯಂ ಪಿಗೌ ಆ ಹೊಣೆಯನ್ನು ಹೊತ್ತು ಹಳೇಬೀಡು, ಬೇಲೂರುಗಳವರೆಗೂ ಸಾಗಿದನು. ಇವರಿಬ್ಬರ ಹಾಗೂ ಎ. ಸಿ. ಬಿ. ನೀಲ್ ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಿಂದ ಗ್ರಂಥರೂಪದಲ್ಲಿ ಹೊರಬಂದವು. ಅದಕ್ಕೆ ಇತಿಹಾಸಭಾಗವನ್ನು ಮೆಡೋಸ್ ಟೇಲರನೂ ವಾಸ್ತುಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ನನೂ ಬರೆದರು.

ಗ್ರಂಥದ ಶೀರ್ಷಿಕೆಯಲ್ಲಿದ್ದ ಪ್ರದೇಶನಾಮಗಳು ಎರಡೇ: ಧಾರವಾಡ ಮತ್ತು ಮೈಸೂರು. ಇವೆರಡರ ನಡುವಣ ಘಟ್ಟದ ನಾಡಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡವು ಮುಂಬಯಿಗೆ ಸೇರಿದುದು 1862ರಲ್ಲಿ. ಬನವಾಸಿ ಕದಂಬರ ರಾಜಧಾನಿಯಾಗಿದ್ದರೂ ಆಡಳಿತದ ಗಡಿಯು ಅದನ್ನು ಧಾರವಾಡದ ನೆರೆಯೂರುಗಳಿಂದ ಬೇರ್ಪಡಿಸಿತ್ತು.

ಗಡಿಗಿಂತಲೂ ಆಳವಾದ ಇನ್ನೊಂದು ಮಿತಿಯಿತ್ತು. ಅದು ಬೆಳಕಿನದು. ಅಂದಿನ ಕಾಗದದ ನೆಗೆಟಿವ್‌ಗಳಿಗೆ ದೀರ್ಘಕಾಲದ ಬೆಳಕು ಬೇಕಿತ್ತು. ಬಯಲಿನಲ್ಲಿ ನಿಂತು ಹೊರಗೋಡೆಯಲ್ಲೇ ಶಿಲ್ಪಸಾಲುಗಳನ್ನು ಹೊತ್ತ ಹೊಯ್ಸಳೇಶ್ವರದಂಥ ಗುಡಿಯು ಈ ಸಾಧನಕ್ಕೆ ಒದಗುವಂಥದು. ಮಲೆನಾಡಿನ ಗುಡಿ-ಬಸದಿಗಳ ಸ್ವಭಾವವೇ ಬೇರೆ. ಬನವಾಸಿಯ ಮಧುಕೇಶ್ವರದಲ್ಲಿ ಮಳೆಗೆ ಬಾಗಿದ ಇಳಿಜಾರು ಚಾವಣಿಯ ಕೆಳಗೆ, ಮಬ್ಬಿನ ನಡುವೆ ನುಣುಪಾದ ಕಂಬಗಳು ನಿಂತಿವೆ. ಸಿದ್ದಾಪುರ ತಾಲೂಕಿನ ಬಿಳಗಿಯ ರತ್ನತ್ರಯ ಬಸದಿಯಲ್ಲಿಯೂ ಒಳಗನ್ನು ಪ್ರವೇಶಿಸದೆ ಕಟ್ಟಡವನ್ನು ಅರಿಯಲಾಗದು.

ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುವಿನ ಇತಿಹಾಸದಲ್ಲಿ 'ಚಾಲುಕ್ಯ ಶೈಲಿ'ಯನ್ನು ಪ್ರತ್ಯೇಕವಾಗಿ ವರ್ಗೀಕರಿಸಿದನು. ಅಂಥ ವರ್ಗೀಕರಣಗಳಿಗೆ ಛಾಯಾಚಿತ್ರ ಸಂಗ್ರಹಗಳು ನೆರವಾದವು. ಚಿತ್ರದಲ್ಲಿ ಸ್ಪಷ್ಟವಾಗಿ ಕಂಡುದೇ ಮಾದರಿಯಾಯಿತು. ಹೊರಗೋಡೆಯ ಅಲಂಕಾರವು ಶ್ರೇಷ್ಠತೆಯ ಅಳತೆಗೋಲಾದಾಗ, ಮಳೆಯನ್ನು ತಡೆಯಲು ಸರಳವಾಗಿ ಕಟ್ಟಿದ ಗೋಡೆಯು ಬಡತನವೆಂದು ತೋರುವ ಅಪಾಯವಿದೆ.

ಆದರೂ ಈ ಛಾಯಾಚಿತ್ರಗಳ ಉಪಕಾರ ದೊಡ್ಡದು. ಮೇಜರ್ ಡಿಕ್ಸನ್ನನು ತೆಗೆಸಿದ ಶಾಸನಚಿತ್ರಗಳು ಬಿ. ಎಲ್. ರೈಸ್ ಅವರ 1879ರ ಮೈಸೂರು ಶಾಸನಗಳ ಸಂಪುಟಕ್ಕೆ ಮೂಲವಾದವು. ಹಳಗನ್ನಡದ ಓದಿಗೆ ಅದರಿಂದ ಹೊಸ ದಾರಿ ತೆರೆಯಿತು. ದುರಸ್ತಿಗಳಿಗೆ ಮುಂಚೆ ಗುಡಿಗಳು ಹೇಗಿದ್ದವೆಂಬುದಕ್ಕೂ ಈ ಚಿತ್ರಗಳೇ ಸಾಕ್ಷಿ.

ಆದ್ದರಿಂದ ಸಂಶೋಧಕನು ಹಳೆಯ ಚಿತ್ರವನ್ನು ಶಾಸನದಂತೆಯೇ ಓದಬೇಕು: ಯಾರು, ಯಾವ ಆಡಳಿತಕ್ಕಾಗಿ, ಯಾವ ಬೆಳಕಿನಲ್ಲಿ ತೆಗೆದರೆಂದು ಕೇಳಬೇಕು. ಚಿತ್ರವು ದೊರೆಯದಿರುವುದು ಶಿಲ್ಪವು ಇಲ್ಲದಿರುವುದಕ್ಕೆ ಪ್ರಮಾಣವಲ್ಲ. ಘಟ್ಟದ ಬಸದಿಗಳನ್ನು ಅವುಗಳ ಕತ್ತಲೆಯಲ್ಲಿಯೇ, ಕಣ್ಣು ಹೊಂದಿಕೊಳ್ಳುವವರೆಗೆ ನಿಂತು ನೋಡಬೇಕಾಗುತ್ತದೆ.