ಹುನ್ನಾರ

ಪರ್ಷಿಯನ್ನಿನ ‘ಹುನರ್’ ಎಂದರೆ ಕಲೆ, ಕೌಶಲ. ಹಿಂದಿಯ ‘ಹುನರ್’, ಮರಾಠಿಯ ‘ಹುನ್ನರ್’ ಇಂದಿಗೂ ಆ ಗೌರವ ಉಳಿಸಿಕೊಂಡಿವೆ. ಕನ್ನಡದಲ್ಲಿ ಮಾತ್ರ ಕೈಚಳಕ ಒಳಸಂಚಾಯಿತು! ಯಾರೂ ‘ಇದು ನನ್ನ ಹುನ್ನಾರ’ ಎನ್ನುವುದಿಲ್ಲ. ಅದು ಸದಾ ಎದುರಾಳಿಯದೇ.

ಯುದ್ಧದ ಚರ್ಚೆಗೆ ಈ ಪದ ಹೇಳಿ ಮಾಡಿಸಿದಂತಿದೆ. 2003ರಲ್ಲಿ ಇರಾಕಿನ ಮೇಲೆ ದಾಳಿ ಮಾಡಿದಾಗ ಅಮೆರಿಕ ಕೊಟ್ಟ ಮುಖ್ಯ ಕಾರಣ ಸಾಮೂಹಿಕ ವಿನಾಶದ ಅಸ್ತ್ರಗಳು. ಹುಡುಕಿದರೂ ಅಂಥ ಸಂಗ್ರಹ ಸಿಗಲಿಲ್ಲ. ಹಾಗಾದರೆ ಹುನ್ನಾರ ಯಾವುದು? ತೈಲವೆಂದರು ಕೆಲವರು, ಇರಾಕಿನ ಅಧ್ಯಕ್ಷ ಸದ್ದಾಂನನ್ನು ಇಳಿಸುವ ಹಳೆಯ ಹಟವೆಂದರು ಹಲವರು. ತಪ್ಪು ಗುಪ್ತಚರ ಮಾಹಿತಿಯನ್ನು ನಂಬಿ ಕೆಟ್ಟರು, ಹುನ್ನಾರವೇ ಇರಲಿಲ್ಲ ಎಂಬ ವಾದವೂ ಇದೆ. ಈ ಪದದ ತೊಡಕೂ ಅಲ್ಲೇ: ಬಳಸಿದ ಕೂಡಲೇ ಆರೋಪ ಸಾಬೀತಾದಂತೆ ಕೇಳಿಸುತ್ತದೆ. ಸಾಕ್ಷ್ಯ ಸಾಲದಿದ್ದಾಗ ‘ಉದ್ದೇಶ’ ಎಂದರೆ ಸಾಕು.